ತೇಗದ ಬಿಲ್ಲು ಎರಡು ಸಲ ಮುರಿಯಿತು, ಎಲ್ಲಿ ತಪ್ಪಿದೆ?

ಪ್ರಶ್ನೆ: ಸರ್, ಮನೆ ಕಟ್ಟುವಾಗ ಉಳಿದ ತೇಗದ ರೀಪಿನಲ್ಲಿ ಆರಡಿ ಬಿಲ್ಲು ಮಾಡಿದೆ. ಇಂಗ್ಲಿಷ್ ಲಾಂಗ್‌ಬೋ ಥರ ಒಂದೂಕಾಲು ಇಂಚು ಅಗಲ, ಹೊಟ್ಟೆ (ಎಳೆಯುವವನ ಕಡೆಯ ಮೈ) ಗುಂಡಗೆ. ಮೊದಲನೆಯದು ಹೆದೆ ಏರಿಸುವಾಗಲೇ ಹೋಯಿತು. ಎರಡನೆಯದು 20 ಇಂಚು ಎಳೆಯುವಷ್ಟರಲ್ಲಿ ಬೆನ್ನು (ಗುರಿಯ ಕಡೆಯ ಮೈ) ಸೀಳಿತು. ಫೋಟೋ ಹಾಕಿದ್ದೇನೆ. ಮೂರನೆಯದಕ್ಕೆ ಯಾವ ಮರ ತರಲಿ?

ಉತ್ತರ: ಮರ ಆಮೇಲೆ. ಮೊದಲು ಮುರಿದ ತುಂಡನ್ನು ಪಕ್ಕದಿಂದ ನೋಡಿ. ಎಳೆಗಳು ಹಿಡಿಯಿಂದ ತುದಿಯವರೆಗೆ ಓಡಿಲ್ಲ, ಅರ್ಧದಲ್ಲೇ ಓರೆಯಾಗಿ ಬೆನ್ನಿನ ಮೇಲೆ ಹೊರಬಿದ್ದಿವೆ. ಸೀಳು ಎದ್ದದ್ದು ಅಲ್ಲೇ. ಗರಗಸ ನೇರ ಹೋಗುತ್ತದೆ, ಎಳೆ ತನ್ನ ದಾರಿ ಹಿಡಿಯುತ್ತದೆ. ಬಿಲ್ಲಿನ ಮರವನ್ನು ಕೊಯ್ಯುವ ಬದಲು ಬೆಣೆ ಹೊಡೆದು ಸೀಳುವುದು ಇದಕ್ಕೇ.

ಇನ್ನೊಂದು, ಆ ಲಾಂಗ್‌ಬೋ ಆಕಾರ ಯುರೋಪಿನ ಯೂ ಮರದ್ದು. ಅದರ ಹೊರಗಿನ ಬಿಳಿಮರ ಬೆನ್ನಿಗೆ ಬಂದು ಎಳೆತ ತಾಳುತ್ತದೆ, ಒಳಗಿನ ಚೇಗು ಹೊಟ್ಟೆಗೆ ಬಂದು ಒತ್ತಡ ತಾಳುತ್ತದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಮೇರಿ ರೋಸ್ ಎಂಬ ಇಂಗ್ಲಿಷ್ ಯುದ್ಧಹಡಗಿನ ಬಿಲ್ಲುಗಳು ಇಂಥವೇ, ಆರಡಿಗೂ ಮೀರಿದ ಉದ್ದ, 100 ಪೌಂಡಿಗೂ ಹೆಚ್ಚಿನ ಬಿಗಿ (ಪೂರ್ತಿ ಎಳೆಯಲು ಬೇಕಾದ ಬಲ) ಎಂಬ ಅಂದಾಜು. ತೇಗದಿಂದ ಅದನ್ನು ಕೇಳಬೇಡಿ. ಬೇರೆ ಮರವಾದರೆ ತೋಳು (ಹಿಡಿಯ ಎರಡೂ ಕಡೆ ಬಾಗುವ ಭಾಗ) ಎರಡಿಂಚು ಅಗಲ, ಹೊಟ್ಟೆ ಚಪ್ಪಟೆ, ತುದಿಗೆ ಅರ್ಧ ಇಂಚು.

ನಮ್ಮ ಕಡೆ ನನ್ನ ಆಯ್ಕೆ ತಡಸಲು. ಗಾಡಿ ಮೂಕಿ, ಕೊಡಲಿ ಕಾವಿಗೆ ಹೆಸರಾದ ಮರ, ಬಾಗಿ ಹಿಂದಕ್ಕೆ ಬರುತ್ತದೆ. ಕಾಡಿಗೆ ಕೊಡಲಿ ಹಿಡಿದು ಹೋಗಬೇಡಿ, ಮರದ ಡಿಪೋದಲ್ಲಿ ಕೇಳಿ. ಸಿಗದಿದ್ದರೆ ಬಲಿತು ಒಣಗಿದ ಗಟ್ಟಿ ಬಿದಿರು. ಅದರ ಹೊರಸಿಪ್ಪೆಯೇ ಬೆನ್ನು, ಅದಕ್ಕೆ ಉಳಿ ತಾಗಿಸಬೇಡಿ.

ಇನ್ನೊಬ್ಬರ ಪ್ರಶ್ನೆ: ನನ್ನದು ಮುರಿದಿಲ್ಲ, ಒಂದು ತೋಳು ಮಾತ್ರ ಜಾಸ್ತಿ ಬಾಗುತ್ತದೆ. ಆ ತೋಳನ್ನು ಹೇಗೆ ಸರಿ ಮಾಡುವುದು?

ಉತ್ತರ: ಅದನ್ನು ಮುಟ್ಟಲೇಬೇಡಿ! ಬಾಗದ ತೋಳಿನ ಹೊಟ್ಟೆ ಕೆರೆಯಿರಿ. ಗೋಡೆಗೆ ಗೂಟ ಹೊಡೆದು ಬಿಲ್ಲನ್ನು ಅಡ್ಡ ಕೂರಿಸಿ, ರಾಟೆಯಲ್ಲಿ ಹಗ್ಗ ಹಾಕಿ ದೂರ ನಿಂತು ಎಳೆದು ನೋಡಿ. ಕೈಯಲ್ಲಿ ಹಿಡಿದು ಎಳೆಯುವಾಗ ಕಾಣದ, ಬಾಗದೆ ನಿಂತ ಜಾಗ ಆಗ ಕಾಣುತ್ತದೆ. ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಗಾಜಿನ ಚೂರಿನಿಂದ ನಾಲ್ಕು ಸಲ ಕೆರೆದು, ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಎಳೆದು ಬಿಟ್ಟು, ಮತ್ತೆ ನೋಡಿ. ಅಗಲವನ್ನು ಹತ್ತರಲ್ಲೊಂದು ಪಾಲು ಇಳಿಸಿದರೆ ಬಿಗಿಯೂ ಅಷ್ಟೇ ಇಳಿಯುತ್ತದೆ. ದಪ್ಪವನ್ನು ಅಷ್ಟೇ ಇಳಿಸಿದರೆ ಬಿಗಿ ಕಾಲು ಭಾಗಕ್ಕಿಂತ ಹೆಚ್ಚು ಹೋಗುತ್ತದೆ. ಈ ಹಂತದಲ್ಲಿ ಕೀಸುಳಿ ಹಿಡಿದವರು 40 ಪೌಂಡಿನ ಬಿಲ್ಲು ಮಾಡಲು ಹೋಗಿ ಮಕ್ಕಳ ಆಟಿಕೆ ಮಾಡಿಕೊಳ್ಳುತ್ತಾರೆ. ನಾನೂ ಮಾಡಿದ್ದೇನೆ.

ಹಗ್ಗಕ್ಕೆ ಲಗೇಜ್ ತೂಗುವ ತಕ್ಕಡಿ ಸಿಕ್ಕಿಸಿ. ಬೇಕಾದದ್ದು 40 ಪೌಂಡ್ ಆದರೆ, 15 ಇಂಚಿಗೇ 40 ತೋರಿಸಿದರೆ ಅಲ್ಲೇ ನಿಲ್ಲಿಸಿ ಕೆರೆಯಿರಿ. ಅದಕ್ಕಿಂತ ಮುಂದೆ ಎಳೆಯಬಾರದು.

ಮೊದಲಿನವರು: ಹೆದೆಗೆ ನೈಲಾನ್ ಹಗ್ಗ ಸಾಕೇ?

ಉತ್ತರ: ಹಿಗ್ಗುತ್ತದೆ, ಬೇಡ. ಡೇಕ್ರಾನ್ ಎಂಬ ಪಾಲಿಯೆಸ್ಟರ್ ದಾರ ತರಿಸಿ. ಆಟ ಮುಗಿದೊಡನೆ ಹೆದೆ ಇಳಿಸಿ, ಬಾಣವಿಲ್ಲದೆ ಎಳೆದು ಬಿಡಬೇಡಿ. ಮೂರನೆಯದೂ ಮುರಿದರೆ ತುಂಡು ಒಲೆಗೆ ಹಾಕುವ ಮುಂಚೆ ಪಕ್ಕದ ಫೋಟೋ ಕಳಿಸಿ.