ಘಟ್ಟದಂಚಿನ ಇಳಿಜಾರಿನಲ್ಲಿ ಸಣ್ಣ ತಂಗುಮನೆ: ಧರೆ ಕಡಿಯುವುದೋ, ಕಂಬದ ಮೇಲೆ ಕಟ್ಟುವುದೋ?

ಬೆಟ್ಟದಂಚು:
ಜಾಗ ದೇವಿಮನೆ ಘಟ್ಟದ ಮೇಲ್ತುದಿ, ಶಿರಸಿ ಕಡೆಯದು. ಮಾಲ್ಕಿ ಜಮೀನು, ತೋಟಕ್ಕೆ ಸೊಪ್ಪು ತರಲು ಬಿಟ್ಟ ಸೊಪ್ಪಿನ ಬೆಟ್ಟವಲ್ಲ. ಇಳಿಜಾರು ನೈಋತ್ಯಕ್ಕೆ ತೆರೆದಿದೆ, ಮೂರಡಿಗೆ ಒಂದಡಿ ಇಳಿಯುತ್ತದೆ. ತೋಟ ಕಾಯುವವರಿಗೂ ಕಾಡಿನ ಅಧ್ಯಯನಕ್ಕೆ ಬರುವವರಿಗೂ 16×20 ಅಡಿಯ ತಂಗುಮನೆ ಬೇಕು. ವಾಹನ ಬರುವುದು 300 ಮೀಟರ್ ದೂರದವರೆಗೆ ಮಾತ್ರ, ಆಮೇಲೆ ತಲೆಹೊರೆ. ಜೆಸಿಬಿಯವರು ಹತ್ತಡಿ ಧರೆ ಕಡಿದು ಸಪಾಟು ಮಾಡಿಕೊಡುತ್ತೇವೆ ಅನ್ನುತ್ತಿದ್ದಾರೆ. ಕಡಿಸಬಹುದೇ? ಮಾಡಿಗೆ ಹಂಚೋ, ಶೀಟೋ? ಗೋಡೆಗೆ ಬಿದಿರು ಬಾಳಿಕೆ ಬರುತ್ತದೆಯೇ?

ಶೇಡಿಗುಡ್ಡ:
ಜೆಸಿಬಿಯನ್ನು ವಾಪಸ್ ಕಳಿಸಿ. ಮೊದಲು ಮನೆ ಬರುವಲ್ಲಿ ಎರಡು ಕಡೆ ಎಂಟಡಿ ಗುಂಡಿ ತೆಗೆಸಿ ನೋಡಿ. ನಮ್ಮ ಕಡೆ ಸಾಮಾನ್ಯವಾಗಿ ಮೇಲೆ ಕೆಂಪು ಮಣ್ಣು, ಅದರಡಿ ಚಿರೆಕಲ್ಲಿನ ಗಟ್ಟಿ ಪದರ, ಅದರಡಿ ಬಿಳಿ-ಹಳದಿ-ಗುಲಾಬಿ ಬಣ್ಣದ ಶೇಡಿ ಮಣ್ಣು ಇರುತ್ತದೆ. ಶೇಡಿ ಒಣಗಿದ್ದಾಗ ಗೋಡೆಯ ಹಾಗೆ ನಿಲ್ಲುತ್ತದೆ, ಮೋಸ ಹೋಗುವುದೇ ಅಲ್ಲಿ. ಒಣಗಿದ ಒಂದು ಉಂಡೆಯನ್ನು ಲೋಟದ ನೀರಿಗೆ ಬಿಡಿ: ಗುಳ್ಳೆ ಏಳುತ್ತದೆ, ಅಂಚಿನಿಂದ ಚಕ್ಕೆ ಚಕ್ಕೆಯಾಗಿ ಕಳಚುತ್ತದೆ, ಸ್ವಲ್ಪ ಹೊತ್ತಿನಲ್ಲಿ ತಳದಲ್ಲಿ ಕೆಸರು. ಹತ್ತಡಿ ಧರೆ ಕಡಿದರೆ ಆ ಪದರವೇ ಬಯಲಿಗೆ ಬರಬಹುದು. ಜುಲೈ ಮಳೆಗೆ ಅದು ಕರಗುತ್ತಾ ಬಂದು, ಮೇಲಿನ ಚಿರೆಪದರಕ್ಕೆ ಬುಡವಿಲ್ಲದೆ ಬಂಡೆ ಬಂಡೆಯಾಗಿ ಕೆಳಗೆ ಬರುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಇಳಿದದ್ದನ್ನು ಕಂಡ ಜಿಲ್ಲೆ ನಮ್ಮದು.

ಮನೆಯ ಆಕಾರ ಬದಲಿಸಿದರೆ ಅರ್ಧ ಸಮಸ್ಯೆ ಮುಗಿಯಿತು. 16 ಅಡಿ ಅಗಲವನ್ನು ಇಳಿಜಾರು ಇಳಿಯುವ ದಿಕ್ಕಿಗೆ ಇಟ್ಟರೆ ಹಿಂದು-ಮುಂದಿನ ಎತ್ತರದ ವ್ಯತ್ಯಾಸ ಐದಡಿಗೂ ಹೆಚ್ಚು. ಅದನ್ನೇ 12×27 ಮಾಡಿ, ಉದ್ದವನ್ನು ಗುಡ್ಡದ ಸಮಪಾತಳಿಯ ಗುಂಟ ಇಡಿ. ಜಾಗ ಅಷ್ಟೇ, ವ್ಯತ್ಯಾಸ ನಾಲ್ಕಡಿ. ಮೇಲ್ಬದಿಯ ಕಂಬ ಒಂದೂವರೆ ಅಡಿ, ಕೆಳಬದಿಯದು ಐದೂವರೆ ಅಡಿ ಎತ್ತಿದರೆ ಧರೆಗೆ ಕೈ ಹಚ್ಚುವುದೇ ಬೇಡ. ಕಡಿದ ಮಣ್ಣನ್ನು ಕೆಳಬದಿಗೆ ತಳ್ಳಿ, ಅದರ ಮೇಲೆ ಕಂಬ ನಿಲ್ಲಿಸುವ ಕೆಲಸವಂತೂ ಬೇಡವೇ ಬೇಡ.

ಮನೆಯಿಂದ ಹದಿನೈದಡಿ ಮೇಲೆ ಒಂದು ಅಗಳ: ಎರಡಡಿ ಅಗಲ, ಒಂದೂವರೆ ಅಡಿ ಆಳ, ನೂರಡಿಗೆ ಒಂದೂವರೆ ಅಡಿ ಇಳುಕಲು. ಅದಕ್ಕಿಂತ ಜಾಸ್ತಿ ಇಳುಕಲು ಕೊಟ್ಟರೆ ನೀರು ತಳ ಕೊರೆಯುತ್ತದೆ. ತಳಕ್ಕೆ ಕಲ್ಲು ಹಾಸಿ, ಕೊನೆಯನ್ನು ಹಳೆಯ ಹಳ್ಳಕ್ಕೇ ಮುಟ್ಟಿಸಿ.

ಹಸಿರುಸೂರು:
ಅಗಳದ ಜೊತೆಗೆ ಮೇಲ್ಬದಿಯಲ್ಲಿ ನಾಲ್ಕೈದು ಇಂಗುಗುಂಡಿ ಮಾಡಿದರೆ ಬೇಸಿಗೆಗೆ ಒರತೆಯೂ ಸಿಗುತ್ತದಲ್ಲವೇ?

ಶೇಡಿಗುಡ್ಡ:
ಸಪಾಟು ಜಾಗಕ್ಕೆ ಒಳ್ಳೆಯದು, ಮನೆಯ ಮೇಲ್ಬದಿಯ ಇಳಿಜಾರಿಗೆ ಅಲ್ಲ. ಇಂಗಿದ ನೀರು ಚಿರೆಯ ತೂತುಗಳಲ್ಲಿ ಸರಾಗ ಇಳಿದು ಶೇಡಿಯ ಮೇಲೆ ತಡೆಯುತ್ತದೆ. ಒತ್ತಡ ಏರಿದಂತೆ ಮಣ್ಣಿನ ಹಿಡಿತ ಸಡಿಲವಾಗುತ್ತದೆ, ತೂಕವೂ ಕೂಡುತ್ತದೆ. ಇಲ್ಲಿ ನೀರನ್ನು ಬೇಗ ದಾಟಿಸುವುದೇ ಕೆಲಸ. ಅಗಳದ ಅಂಚಿಗೆ ಲಾವಂಚ ಹಚ್ಚಿ, ಮೇಲಿನ ಮರ ಒಂದನ್ನೂ ಕಡಿಯಬೇಡಿ.

ಹಂಚುಮಾಡು:
ಮಾಡಿನ ವಿಷಯಕ್ಕೆ ಬರೋಣ. ಎಲ್ಲರೂ ಮಳೆಯ ಚಿಂತೆ ಮಾಡುತ್ತಾರೆ, ತೆರೆದ ಅಂಚಿನಲ್ಲಿ ಮಾಡು ಕೀಳುವುದು ಗಾಳಿ. ನಮ್ಮ ಕರಾವಳಿಗೆ ಕಟ್ಟಡದ ಮೇಲಿನ ಭಾರ ಲೆಕ್ಕಹಾಕುವ ಭಾರತೀಯ ಮಾನಕ ಐಎಸ್ 875ರ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಗುಡ್ಡದ ತುದಿಗೆ ಅದನ್ನು 1.36ರವರೆಗೂ ಗುಣಿಸಬೇಕಾಗುತ್ತದೆ, ಅಂದರೆ 53. ಒತ್ತಡ ಚದರ ಮೀಟರಿಗೆ ಸುಮಾರು 170 ಕಿಲೋ. ಶೀಟಿನ ತೂಕ ಐದು ಕಿಲೋ!

12 ಅಡಿ ಅಗಲಕ್ಕೆ ಎರಡೂ ಕಡೆ ನಾಲ್ಕಡಿ ಸೂರು ಸೇರಿಸಿ, ಒಂಬತ್ತು ಅಡಿಗೊಂದು ಕಂಬದಂತೆ ಸಾಲಿಗೆ ನಾಲ್ಕು ಇಟ್ಟರೆ, ಒಂದೊಂದನ್ನೂ ಸುಮಾರು 1,400 ಕಿಲೋ ಮೇಲಕ್ಕೆ ಎಳೆಯುತ್ತದೆ. ಪಕಾಸು, ತೊಲೆಗಳ ತೂಕ ಕಳೆದರೂ 1,300. ಹಾಗಾಗಿ ಪ್ರತಿ ಕಂಬದಡಿ 2.5×2.5×3.5 ಅಡಿಯ ಕಾಂಕ್ರೀಟ್ ಬುಡ ಬೇಕು. ಪಕಾಸಿನಿಂದ ತೊಲೆಗೆ, ತೊಲೆಯಿಂದ ಕಂಬಕ್ಕೆ, ಕಂಬದಿಂದ ಬುಡಕ್ಕೆ ಕಬ್ಬಿಣದ ಪಟ್ಟಿ-ಬೋಲ್ಟಿನ ಕೊಂಡಿ ಎಲ್ಲೂ ತಪ್ಪಬಾರದು. ಸಾಮಾನ್ಯವಾಗಿ ಬಿಟ್ಟುಹೋಗುವುದು ಮೊದಲನೆಯದು: ಪಕಾಸನ್ನು ತೊಲೆಗೆ ಬರೀ ಮೊಳೆ ಹೊಡೆದು ಬಿಡುತ್ತಾರೆ. ಇದು ಅಂದಾಜು ಲೆಕ್ಕ, ನಕ್ಷೆಯನ್ನು ಸ್ಟ್ರಕ್ಚರಲ್ ಇಂಜಿನಿಯರಿಗೆ ತೋರಿಸಿಯೇ ಕೆಲಸ ಹಿಡಿಯಿರಿ.

ಹಂಚಾದರೆ ಸುಮಾರು 1,150 ಬೇಕು, ಹತ್ತಿರ ಹತ್ತಿರ ಮೂರು ಟನ್ ತಲೆಹೊರೆ. ಮೇಲೆ ಮಂಗ, ಮುಸುವಗಳ ಕುಣಿತ ಬೇರೆ. ಒಂದು ಹಂಚು ಒಡೆದರೆ ಅಡಿಯ ರೀಪು ಕೊಳೆಯುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಕಾಯಂ ಜನ ಇಲ್ಲದ ಮನೆಗೆ ನನ್ನ ಮತ ಶೀಟಿಗೇ. 0.5 ಮಿ.ಮೀ. ಬಣ್ಣದ ಶೀಟು, ಅಡಿಗೆ ಏಳು ಇಂಚು ಏರು, ಅಂಚಿನ ಮೂರಡಿಯಲ್ಲಿ ಸ್ಕ್ರೂಗಳನ್ನು ದುಪ್ಪಟ್ಟು ಹಾಕಿ. ಸದ್ದು ತಡೆಯಲು ಒಳಗೆ ಅಡಿಕೆ ದಬ್ಬೆಯ ಮುಚ್ಚಿಗೆ ಮಾಡಿ, ನಡುವೆ ಗಾಳಿಯಾಡಲು ನಾಲ್ಕು ಇಂಚು ಬಿಡಿ. ನೈಋತ್ಯಕ್ಕೆ ಮಳೆಗಾಲದಲ್ಲಿ ಅಡಿಕೆ ಸೋಗೆಯ ಜಡಿ ಕಟ್ಟಿ. ಅಷ್ಟು ಅಗ್ಗದ ಎರಚಲು ತಡೆ ಬೇರೆ ಇಲ್ಲ.

ಕಾರವಾರ ಬಂದರು:
ಶೀಟಿನ ಬಗ್ಗೆ ಒಂದು ಮಾತು. ಘಟ್ಟದ ಮೇಲೆ ಅದು ಸರಿ. ಇದನ್ನು ಓದಿ ಕಡಲ ದಂಡೆಯಲ್ಲಿ ಹಾಕಿಸಬೇಡಿ, ಉಪ್ಪುಗಾಳಿಗೆ ಸ್ಕ್ರೂ ತಲೆಯಿಂದಲೇ ತುಕ್ಕು ಶುರುವಾಗುತ್ತದೆ.

ಬಿದಿರುಮೆಳೆ:
ಬಿದಿರು ಬಾಳುತ್ತದೆ, ನೆನೆಯದಿದ್ದರೆ. ಮೂರು-ನಾಲ್ಕು ವರ್ಷ ಬಲಿತದ್ದನ್ನು ಮಳೆಗಾಲ ಮುಗಿದ ಮೇಲೆ ಚಳಿಯಲ್ಲಿ ಕಡಿಯಿರಿ. ಎಳೆಯದರಲ್ಲಿ ಪಿಷ್ಟ ಜಾಸ್ತಿ, ಕುಟ್ಟೆಹುಳ ಬರುವುದು ಅದಕ್ಕೇ. ನೂರು ಲೀಟರ್ ನೀರಿಗೆ ಮೂರು ಕಿಲೋ ಬೋರಾಕ್ಸ್, ಎರಡು ಕಿಲೋ ಬೋರಿಕ್ ಆಸಿಡ್ ಕರಗಿಸಿ. ಗೆಣ್ಣುಗಳೊಳಗೆ ಸರಳು ಹಾಯಿಸಿ ತೂತು ಮಾಡಿ ಒಂದು ವಾರ ಮುಳುಗಿಸಿಡಿ. ತೂತಿಲ್ಲದಿದ್ದರೆ ದ್ರಾವಣ ಒಳಗೇ ಹೋಗುವುದಿಲ್ಲ. ಆಮೇಲೆ ನೆರಳಿನಲ್ಲಿ ಒಣಗಿಸಿ. ಈ ಉಪ್ಪು ಮಳೆನೀರಿಗೆ ತೊಳೆದುಹೋಗುತ್ತದೆ, ಹಾಗಾಗಿ ಸೂರಿನ ಹೊರಗೆ ಒಂದು ಗೆಣ್ಣೂ ಚಾಚಬಾರದು. ಕಂಬಕ್ಕೆ ಬಿದಿರು ಬೇಡ. ಬುಡದ ಕಾಂಕ್ರೀಟಿನ ಮೇಲೆ ತಗಡಿನ ಟೊಪ್ಪಿಗೆ ಹಾಕಿಸಿ, ಅಂಚು ಎರಡು ಇಂಚು ಕೆಳಕ್ಕೆ ಬಾಗಿರಲಿ. ಗೆದ್ದಲು ಬರುವುದು ನಿಲ್ಲದಿರಬಹುದು, ಆದರೆ ಅದು ಟೊಪ್ಪಿಗೆ ಸುತ್ತಿ ಕಟ್ಟುವ ಮಣ್ಣಿನ ಗೂಡು ಕಣ್ಣಿಗೆ ಬೀಳುತ್ತದೆ.

ಬೆಟ್ಟದಂಚು:
12×27ಕ್ಕೆ ಬದಲಿಸುತ್ತೇನೆ. ಬೇಸಿಗೆ ನೀರಿಗೆ ಮಾಡಿನ ನೀರು ಸಾಕಾದೀತೇ? ಟ್ಯಾಂಕ್ ಕೆಳಬದಿಯ ಅಂಚಿನಲ್ಲಿ ಇಡಬಹುದೇ?

ಹಂಚುಮಾಡು:
ಧಾರಾಳ. ಸೂರು ಸೇರಿ ಮಾಡು 65 ಚದರ ಮೀಟರ್, 3,000 ಮಿ.ಮೀ. ಮಳೆಗೆ ಎರಡು ಲಕ್ಷ ಲೀಟರಿನ ಹತ್ತಿರ. ನಾಲ್ಕು ಜನಕ್ಕೆ ದಿನಕ್ಕೆ 40 ಲೀಟರಿನಂತೆ ನಾಲ್ಕು ತಿಂಗಳಿಗೆ 19,200 ಲೀಟರ್ ಸಾಕು. ಆದರೆ ತುಂಬಿದ ಟ್ಯಾಂಕ್ ಇಪ್ಪತ್ತು ಟನ್, ಕೆಳಬದಿಯ ಅಂಚಿನಲ್ಲಿ ಇಡಲೇಬೇಡಿ. ಮನೆಯ ಪಕ್ಕಕ್ಕೆ, ಗುಂಡಿ ತೆಗೆಸಿದಾಗ ಗಟ್ಟಿ ಚಿರೆ ಸಿಕ್ಕ ಕಡೆ, ಹತ್ತು ಸಾವಿರ ಲೀಟರಿನ ಎರಡು ಫೆರೋಸಿಮೆಂಟ್ (ತಂತಿಬಲೆಗೆ ಸಿಮೆಂಟ್ ಮೆತ್ತಿದ) ಟ್ಯಾಂಕ್ ಕಟ್ಟಿಸಿ. ತುಂಬಿ ಹರಿಯುವ ನೀರನ್ನು ಪೈಪಿನಲ್ಲೇ ಹಳ್ಳದವರೆಗೆ ಒಯ್ಯಿರಿ. ಬುಡದ ಕೆಲಸ ಡಿಸೆಂಬರಿನಲ್ಲಿ ಹಿಡಿದರೆ ಮೇ ಮೊದಲ ವಾರಕ್ಕೆ ಮಾಡು ಏರುತ್ತದೆ. ಅಗಳ ಮಾತ್ರ ಅದಕ್ಕೂ ಮೊದಲೇ ಆಗಲಿ, ಅಡ್ಡಮಳೆ ಏಪ್ರಿಲ್‌ನಲ್ಲೇ ಬರಬಹುದು.