ವಿಶ್ರಾಂತಿ ಪಡೆದಾಗ ಸ್ಪೆಲ್ ಸ್ಲಾಟ್‌ಗಳು ಮರಳುವ ನಿಯಮವನ್ನು ಹೇಗೆ ತೂಗಿಸಬೇಕು?

ಪ್ರಶ್ನೆ

ನಾನು ಒಂದು ವರ್ಷದಿಂದ ಕಾಲ್ಪನಿಕ ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿಯನ್ನು, 2014ರ ನಿಯಮಗಳ ಪ್ರಕಾರ, ಡಂಜನ್ ಮಾಸ್ಟರ್ (ಕಥೆಯನ್ನೂ ಶತ್ರುಗಳನ್ನೂ ನಡೆಸುವವನು) ಆಗಿ ನಡೆಸಿಕೊಂಡು ಬರುತ್ತಿದ್ದೇನೆ. ತಂಡದಲ್ಲಿ ಮಂತ್ರ ಹಾಕುವ ವಿಝಾರ್ಡ್ ಮತ್ತು ವಾರ್ಲಾಕ್, ಯೋಧನಾದ ಫೈಟರ್ ಮತ್ತು ಕಳ್ಳಗೈಯ ರೋಗ್ ಹೀಗೆ ನಾಲ್ಕು ಪಾತ್ರಗಳಿದ್ದು, ನಾಲ್ಕೂ ಈಗ 5ನೇ ಲೆವೆಲ್‌ನಲ್ಲಿವೆ. 4ನೇ ಲೆವೆಲ್‌ವರೆಗೆ ನನಗೆ ಯಾವ ತೊಡಕೂ ಕಾಣಿಸಿರಲಿಲ್ಲ. ವಿಝಾರ್ಡ್‌ಗೆ ಮೂರನೇ ಮಟ್ಟದ ಮಂತ್ರಗಳು (ಮಂತ್ರದ ಮಟ್ಟ ಬೇರೆ, ಪಾತ್ರದ ಲೆವೆಲ್ ಬೇರೆ) ದಕ್ಕಿದ ದಿನದಿಂದ ಆಟದ ತಕ್ಕಡಿ ಒಂದೇ ಕಡೆಗೆ ವಾಲಿದೆ.

ಹೋದ ವಾರ ನಡೆದದ್ದನ್ನೇ ಹೇಳುತ್ತೇನೆ. ತಂಡವು ನೆಲದಡಿಯ ಗುಡಿಯೊಂದನ್ನು ಹೊಕ್ಕು ಮೊದಲ ಪಡಸಾಲೆಯಲ್ಲಿಯೇ ಒಂಬತ್ತು ಕಾವಲುಗಾರರನ್ನು ಎದುರಿಸಿತು. ವಿಝಾರ್ಡ್ ತನ್ನ ಮೊದಲೆರಡು ಸರದಿಗಳಲ್ಲಿ ಮೂರನೇ ಮಟ್ಟದ ಬೆಂಕಿಯ ಮಂತ್ರವಾದ ಫೈರ್‌ಬಾಲ್ ಅನ್ನು ಎರಡು ಸಲ ಎಸೆದು, ಆ ಮಟ್ಟದ ಎರಡೂ ಸ್ಪೆಲ್ ಸ್ಲಾಟ್‌ಗಳನ್ನು (ಒಂದೊಂದು ಮಂತ್ರಕ್ಕೂ ಖರ್ಚಾಗುವ ಅವಕಾಶಗಳನ್ನು) ಮುಗಿಸಿದನು. ಫೈಟರ್‌ನ ಎರಡನೇ ಸರದಿ ಬರುವ ಹೊತ್ತಿಗೆ ಒಬ್ಬನೇ ಕಾವಲುಗಾರ ನಿಂತಿದ್ದ. ಕಾಳಗ ಮುಗಿದ ಕೂಡಲೇ ವಿಝಾರ್ಡ್ ಆಡುವವರು, "ನನ್ನ ದೊಡ್ಡ ಸ್ಲಾಟ್‌ಗಳು ಮುಗಿದವು, ಇಲ್ಲಿಯೇ ಮಲಗೋಣ" ಎಂದರು. ಸುತ್ತಲೂ ಗುಮ್ಮಟ ಕಟ್ಟುವ ಲಿಯೋಮಂಡ್ಸ್ ಟೈನಿ ಹಟ್ ಮಂತ್ರವನ್ನು ರಿಚುವಲ್ ಆಗಿ, ಅಂದರೆ ಹೆಚ್ಚು ಹೊತ್ತು ತೆಗೆದುಕೊಂಡು ಹಾಕಿದರೆ ಸ್ಲಾಟ್ ಖರ್ಚಾಗುವುದಿಲ್ಲ, ಮತ್ತು ಆ ಗುಮ್ಮಟದೊಳಗೆ 8 ಗಂಟೆಗಳ ಕಾಲ ಹೊರಗಿನವರು ಕಾಲಿಡಲಾರರು. ಬೆಳಿಗ್ಗೆ ಎದ್ದು ಎರಡು ಗಂಟೆಯೂ ಕಳೆದಿರದ ತಂಡವು ಮತ್ತೆ ಲಾಂಗ್ ರೆಸ್ಟ್ (8 ಗಂಟೆಗಳ ಪೂರ್ಣ ವಿಶ್ರಾಂತಿ) ತೆಗೆದುಕೊಂಡಿತು. ನಾನು ತಡೆಯಲಿಲ್ಲ. ಎಲ್ಲ ಸ್ಲಾಟ್‌ಗಳೂ ಮರಳಿದವು, ಮುಂದಿನ ಕೋಣೆಯಲ್ಲಿ ಅದೇ ಕಥೆ ಮರುಕಳಿಸಿತು.

ಆಟ ಮುಗಿದ ಮೇಲೆ ಫೈಟರ್ ಆಡುವವರು ತಮ್ಮ ಸರದಿ ಬರುವಾಗ ಮಾಡಲು ಕೆಲಸವೇ ಉಳಿದಿರುವುದಿಲ್ಲ ಎಂದು ಬೇಸರದಿಂದ ಹೇಳಿದರು. ವಾರ್ಲಾಕ್ ಆಡುವವರು ಪಾತ್ರವನ್ನೇ ಬದಲಿಸಿಕೊಳ್ಳಲು ಅನುಮತಿ ಕೇಳಿದ್ದಾರೆ. ಲಾಂಗ್ ರೆಸ್ಟ್ ಆದಾಗ ಎಲ್ಲ ಸ್ಲಾಟ್‌ಗಳ ಬದಲು ಅರ್ಧದಷ್ಟು ಮಾತ್ರ ಮರಳಲಿ ಎಂಬ ಮನೆನಿಯಮ ತರಬೇಕೆಂದು ಯೋಚಿಸುತ್ತಿದ್ದೇನೆ. ಇದು ಸರಿಯಾದ ದಾರಿಯೇ? ವಿಝಾರ್ಡ್ ಆಡುವವರ ಉತ್ಸಾಹವನ್ನು ಕುಗ್ಗಿಸದೆ ಉಳಿದ ಮೂವರಿಗೂ ಜಾಗ ಮಾಡಿಕೊಡುವ ಬೇರೆ ಉಪಾಯ ಇದ್ದರೆ ದಯವಿಟ್ಟು ತಿಳಿಸಿ.

ಮೊದಲನೆಯ ಉತ್ತರ

ಮೊದಲು ಒಂದು ನಿಯಮವನ್ನು ನೆನಪಿಸಬೇಕು. 24 ಗಂಟೆಗಳ ಅವಧಿಯಲ್ಲಿ ಒಂದು ಪಾತ್ರಕ್ಕೆ ಒಂದೇ ಲಾಂಗ್ ರೆಸ್ಟ್‌ನ ಫಲ ಸಿಗುತ್ತದೆ. ಎದ್ದ ಎರಡು ಗಂಟೆಗಳಲ್ಲಿ ನಿಮ್ಮ ತಂಡ ಮತ್ತೆ ಮಲಗಿದರೆ ನಿದ್ದೆ ಬರಬಹುದು, ಸ್ಲಾಟ್ ಬರುವುದಿಲ್ಲ. ಅವರು ಗುಮ್ಮಟವನ್ನು ಮತ್ತೆ ಮತ್ತೆ ಕಟ್ಟಿಕೊಂಡು ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಅಲ್ಲಿಯೇ ಕುಳಿತಿರಬೇಕಾಗುತ್ತಿತ್ತು, ಮತ್ತು ಅಷ್ಟು ಹೊತ್ತು ಗುಡಿಯ ಉಳಿದ ಕಾವಲುಗಾರರು ಒಂಬತ್ತು ಹೆಣಗಳನ್ನೂ ಪಡಸಾಲೆಯ ನಡುವೆ ನಿಂತ ಗುಮ್ಮಟವನ್ನೂ ನೋಡಿ ಸುಮ್ಮನಿರುತ್ತಿರಲಿಲ್ಲ. ಬಾಗಿಲು ಭದ್ರಪಡಿಸುತ್ತಿದ್ದರು, ಕಾಯುವ ವಸ್ತುವನ್ನು ಬೇರೆಡೆಗೆ ಸಾಗಿಸುತ್ತಿದ್ದರು, ಗುಮ್ಮಟ ಕರಗುವ ಗಳಿಗೆಗೆ ಬಿಲ್ಲು ಹೂಡಿ ಕಾಯುತ್ತಿದ್ದರು.

ಇನ್ನು ಅರ್ಧ ಸ್ಲಾಟ್‌ಗಳ ಪ್ರಸ್ತಾವ. ಅದು ನೀವು ಬಯಸುವ ಕಡೆ ಕಚ್ಚುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 5ನೇ ಲೆವೆಲ್‌ನ ವಿಝಾರ್ಡ್‌ಗೆ ಮೊದಲ ಮಟ್ಟದ 4, ಎರಡನೆಯದರ 3, ಮೂರನೆಯದರ 2, ಹೀಗೆ ಒಟ್ಟು 9 ಸ್ಲಾಟ್‌ಗಳಿವೆ. ಅವುಗಳಲ್ಲಿ ನಾಲ್ಕನ್ನು ಮಾತ್ರ ಮರಳಿಸಿ ನೋಡಿ: ಅವರು ಮೂರನೇ ಮಟ್ಟದ ಎರಡನ್ನೂ ಎರಡನೇ ಮಟ್ಟದ ಎರಡನ್ನೂ ಆರಿಸಿಕೊಳ್ಳುತ್ತಾರೆ. ನಾಲ್ಕು ಸುತ್ತಿನ ಒಂದು ಕಾಳಗಕ್ಕೆ ಅಷ್ಟೇ ಬೇಕಾಗಿರುವುದು. ದಿನಕ್ಕೊಂದೇ ಕಾಳಗ ನಡೆಯುವ ಆಟದಲ್ಲಿ ಈ ನಿಯಮದಿಂದ ಅವರು ಕಳೆದುಕೊಳ್ಳುವುದು ಏನೂ ಇಲ್ಲ, ಆದರೆ ನೀವು ಎಂದಾದರೂ ಐದಾರು ಕಾಳಗಗಳ ದಿನವನ್ನು ಹೂಡಿದರೆ ಅದೇ ವಿಝಾರ್ಡ್ ಮೂರನೇ ಕಾಳಗಕ್ಕೆ ಬರಿಗೈಯಾಗುತ್ತಾನೆ.

2014ರ ಡಂಜನ್ ಮಾಸ್ಟರ್ಸ್ ಗೈಡ್ ಎರಡು ಲಾಂಗ್ ರೆಸ್ಟ್‌ಗಳ ನಡುವೆ ಮಧ್ಯಮ ಅಥವಾ ಕಠಿಣ ದರ್ಜೆಯ 6ರಿಂದ 8 ಕಾಳಗಗಳನ್ನೂ ಸುಮಾರು ಎರಡು ಶಾರ್ಟ್ ರೆಸ್ಟ್‌ಗಳನ್ನೂ (ಒಂದು ಗಂಟೆಯ ಚಿಕ್ಕ ವಿಶ್ರಾಂತಿಗಳನ್ನೂ) ಎಣಿಸಿಕೊಂಡು ಪಾತ್ರಗಳ ಬಲವನ್ನು ಹೊಂದಿಸಿದೆ. 5ನೇ ಲೆವೆಲ್‌ನ ಒಬ್ಬೊಬ್ಬರಿಗೆ ದಿನದ ಲೆಕ್ಕ 3,500 ಎಕ್ಸ್‌ಪಿ (ಕಾಳಗದ ಭಾರವನ್ನು ಅಳೆಯುವ ಅನುಭವಾಂಕ); ಮಧ್ಯಮ ಕಾಳಗಕ್ಕೆ 500, ಕಠಿಣದ್ದಕ್ಕೆ 750. ಅಂದರೆ ಮಧ್ಯಮ ದರ್ಜೆಯವಾದರೆ ಏಳು, ಎಲ್ಲವೂ ಕಠಿಣವಾದರೂ ನಾಲ್ಕಕ್ಕಿಂತ ಹೆಚ್ಚು.

ನಿಮ್ಮ ವಾರ್ಲಾಕ್ ಏಕೆ ಸೊರಗಿದ್ದಾರೆ ಎಂಬುದನ್ನೂ ಇದೇ ಲೆಕ್ಕ ತೋರಿಸುತ್ತದೆ. ವಿಝಾರ್ಡ್‌ನ ಸ್ಲಾಟ್‌ಗಳ ಮಟ್ಟಗಳನ್ನು ಕೂಡಿಸಿದರೆ 4, 6, 6 ಸೇರಿ 16 ಆಗುತ್ತದೆ. ವಿಝಾರ್ಡ್‌ಗಿರುವ ಆರ್ಕೇನ್ ರಿಕವರಿ ಎಂಬ ಸೌಲಭ್ಯದಿಂದ ಒಂದು ಶಾರ್ಟ್ ರೆಸ್ಟ್‌ನಲ್ಲಿ ಇನ್ನೂ 3 ಮರಳಿ, ಮೊತ್ತ 19ಕ್ಕೆ ಏರುತ್ತದೆ. ವಾರ್ಲಾಕ್‌ಗೆ ಇರುವುದು ಮೂರನೇ ಮಟ್ಟದ ಎರಡೇ ಸ್ಲಾಟ್, ಮೊತ್ತ 6. ಆದರೆ ಅವು ಪ್ರತಿ ಶಾರ್ಟ್ ರೆಸ್ಟ್‌ನಲ್ಲಿಯೂ ಪೂರ್ತಿ ಮರಳುತ್ತವೆ. ದಿನದಲ್ಲಿ ಎರಡು ಶಾರ್ಟ್ ರೆಸ್ಟ್ ಇದ್ದರೆ ವಾರ್ಲಾಕ್‌ನ ಮೊತ್ತ 18, ವಿಝಾರ್ಡ್‌ನದು 19. ಒಂದೂ ಇಲ್ಲದಿದ್ದರೆ 6ಕ್ಕೆ 16. ಮಂತ್ರದ ಬಲವು ಮಟ್ಟದ ಅಂಕಿಗೆ ಸರಿಯಾಗಿ ಏರುವುದಿಲ್ಲವಾದ್ದರಿಂದ ಇದು ಒರಟು ಅಳತೆ ಎಂದು ಒಪ್ಪುತ್ತೇನೆ, ಆದರೂ ಅಂತರ ಎಲ್ಲಿಂದ ಹುಟ್ಟುತ್ತದೆ ಎಂಬುದು ಇದರಲ್ಲಿ ಕಣ್ಣಿಗೆ ಕಟ್ಟುವಂತೆ ಕಾಣುತ್ತದೆ. ಫೈಟರ್‌ನ ಆ್ಯಕ್ಷನ್ ಸರ್ಜ್ (ಒಂದು ಹೆಚ್ಚುವರಿ ಕ್ರಿಯೆ) ಮತ್ತು ಸೆಕೆಂಡ್ ವಿಂಡ್ (ಸ್ವಂತ ಚೇತರಿಕೆ) ಕೂಡ ಶಾರ್ಟ್ ರೆಸ್ಟ್‌ನಲ್ಲಿಯೇ ಮರಳುತ್ತವೆ. ಶಾರ್ಟ್ ರೆಸ್ಟ್ ಇಲ್ಲದ ದಿನದಲ್ಲಿ ಇಬ್ಬರಿಗೂ ನಷ್ಟವಿದೆ. ಸ್ಲಾಟ್‌ಗಳ ಸಂಖ್ಯೆಯನ್ನು ಮುಟ್ಟಬೇಡಿ. ಎರಡು ಲಾಂಗ್ ರೆಸ್ಟ್‌ಗಳ ನಡುವಣ ದೂರವನ್ನು ಹೆಚ್ಚಿಸಿ.

ಎರಡನೆಯ ಉತ್ತರ

ಮೇಲಿನವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ದೂರವನ್ನು ಹೆಚ್ಚಿಸುವಾಗ ನಾನು ಎಡವಿದ ಜಾಗಗಳನ್ನು ಹೇಳಬೇಕು. ಅದೇ ಗೈಡ್‌ನಲ್ಲಿ ಗ್ರಿಟ್ಟಿ ರಿಯಲಿಸಂ ಎಂಬ ಪರ್ಯಾಯ ನಿಯಮವಿದೆ: ಶಾರ್ಟ್ ರೆಸ್ಟ್‌ಗೆ 8 ಗಂಟೆ, ಲಾಂಗ್ ರೆಸ್ಟ್‌ಗೆ 7 ದಿನ. ದಿನಕ್ಕೆ ಒಂದು ಅಥವಾ ಎರಡು ಕಾಳಗಗಳಷ್ಟೇ ಸಹಜವಾಗಿರುವ ಪಯಣದ ಕಥೆಗೆ ಅದು ಚೆನ್ನಾಗಿ ಹೊಂದುತ್ತದೆ ಎಂದು ನಾನು ಹಿಂದೊಮ್ಮೆ ಅದನ್ನು ಅಳವಡಿಸಿಕೊಂಡೆ. ವಾರ್ಲಾಕ್ ಮತ್ತು ಫೈಟರ್ ಆಡುವವರು ಮೊದಲ ವಾರದಲ್ಲಿಯೇ ಗೆಲುವಾದರು, ಏಕೆಂದರೆ ಪ್ರತಿ ರಾತ್ರಿಯ ನಿದ್ದೆಯೂ ಅವರಿಗೆ ಶಾರ್ಟ್ ರೆಸ್ಟ್ ಆಗಿ ಒದಗುತ್ತಿತ್ತು.

ತೊಡಕು ಬಂದದ್ದು ಮಂತ್ರಗಳ ಅವಧಿಯಿಂದ. ವಿಝಾರ್ಡ್‌ನ ಮೈಗಾಪಿನ ಮಂತ್ರವಾದ ಮೇಜ್ ಆರ್ಮರ್ 8 ಗಂಟೆ ಇರುತ್ತದೆ. ಸಾಮಾನ್ಯ ನಿಯಮದಲ್ಲಿ ಬೆಳಿಗ್ಗೆ ಮೊದಲ ಮಟ್ಟದ ಒಂದು ಸ್ಲಾಟ್ ಕೊಟ್ಟರೆ ಆ ದಿನದ ಕಾಳಗಗಳೆಲ್ಲ ಅದರ ಆಸರೆಯಲ್ಲಿಯೇ ಮುಗಿಯುತ್ತವೆ. ಅದೇ ಆರು ಕಾಳಗಗಳನ್ನು ಆರು ದಿನಗಳಿಗೆ ಹರಡಿದರೆ ಆರು ಸ್ಲಾಟ್ ಬೇಕು, ಇರುವುದು ನಾಲ್ಕು. ನಮ್ಮ ವಿಝಾರ್ಡ್ ಎರಡನೇ ಮಟ್ಟದ ಸ್ಲಾಟ್‌ಗಳನ್ನೂ ಮೈಗಾಪಿಗೆ ಸುರಿಯಬೇಕಾಗಿ ಬಂದದ್ದನ್ನು ನೋಡಿ ನನಗೆ ಮರುಕ ಹುಟ್ಟಿತು. ಕೊನೆಗೆ 8 ಗಂಟೆ ಮತ್ತು ಅದಕ್ಕೂ ಹೆಚ್ಚಿನ ಅವಧಿಯ ರಕ್ಷಣಾ ಮಂತ್ರಗಳು ಮುಂದಿನ ಲಾಂಗ್ ರೆಸ್ಟ್‌ವರೆಗೆ ಉಳಿಯುತ್ತವೆ ಎಂದು ತಿದ್ದಿಕೊಂಡೆವು.

ಇನ್ನೊಂದು ಬಿರುಕು ಇದಕ್ಕೆ ಸರಿಯಾಗಿ ವಿರುದ್ಧ ದಿಕ್ಕಿನದು. 2014ರ ಆರ್ಕೇನ್ ರಿಕವರಿಯ ಒಕ್ಕಣೆ "ದಿನಕ್ಕೊಮ್ಮೆ, ಶಾರ್ಟ್ ರೆಸ್ಟ್ ಮುಗಿದಾಗ" ಎಂದಿದೆ. ಲಾಂಗ್ ರೆಸ್ಟ್‌ಗೊಮ್ಮೆ ಎಂದಿಲ್ಲ. ರಾತ್ರಿಯ ನಿದ್ದೆಯೇ ಶಾರ್ಟ್ ರೆಸ್ಟ್ ಆದಾಗ ವಿಝಾರ್ಡ್ ಪ್ರತಿದಿನವೂ ಮೂರು ಮಟ್ಟಗಳಷ್ಟು ಸ್ಲಾಟ್ ಹಿಂಪಡೆಯುತ್ತಾನೆ, ಅಂದರೆ ಪ್ರತಿದಿನವೂ ಒಂದು ಫೈರ್‌ಬಾಲ್. ಆರು ರಾತ್ರಿಗಳಿಗೆ ಅದು 18 ಮಟ್ಟ, ಅವನ ಇಡೀ ಭಂಡಾರಕ್ಕಿಂತ ಹೆಚ್ಚು. ಇದನ್ನು ಗಮನಿಸದೆ ನಾನು ನಾಲ್ಕು ಸೆಷನ್ ನಡೆಸಿಬಿಟ್ಟಿದ್ದೆ. 2024ರ ಪರಿಷ್ಕೃತ ನಿಯಮಗಳಲ್ಲಿ ಇದನ್ನು ಲಾಂಗ್ ರೆಸ್ಟ್‌ಗೊಮ್ಮೆ ಎಂದೇ ಬರೆದಿದ್ದಾರೆ, ಆ ಒಕ್ಕಣೆಯನ್ನೇ ತೆಗೆದುಕೊಳ್ಳಿ. ವಾರ್ಲಾಕ್‌ಗೂ 2024ರಲ್ಲಿ ಮ್ಯಾಜಿಕಲ್ ಕನಿಂಗ್ ಎಂಬ ಸೌಲಭ್ಯ ಬಂದಿದೆ: ಒಂದು ನಿಮಿಷದ ಕ್ರಿಯೆಯಿಂದ ತನ್ನ ಸ್ಲಾಟ್‌ಗಳ ಅರ್ಧದಷ್ಟನ್ನು ಲಾಂಗ್ ರೆಸ್ಟ್‌ಗೊಮ್ಮೆ ಹಿಂಪಡೆಯಬಹುದು. ತಂಡವು ಶಾರ್ಟ್ ರೆಸ್ಟ್‌ಗೆ ಒಪ್ಪದ ದಿನ ಅದು ದೊಡ್ಡ ಆಸರೆ. ಪಾತ್ರ ಬದಲಿಸಲು ಹೊರಟಿರುವ ನಿಮ್ಮ ಆಟಗಾರರಿಗೆ ಮೊದಲು ಅದನ್ನು ಕೊಟ್ಟು ನೋಡಿ.

ನೀವು ಹೇಳಿದ ಅರ್ಧ ಸ್ಲಾಟ್‌ಗಳ ನಿಯಮವೂ ಗೈಡ್‌ನಲ್ಲಿದೆ, ಆದರೆ ಅದು ಲಾಂಗ್ ರೆಸ್ಟ್ ಒಂದೇ ಗಂಟೆಗೆ ಇಳಿಯುವ ಎಪಿಕ್ ಹೀರೋಯಿಸಂ ಎಂಬ ಪರ್ಯಾಯಕ್ಕೆ ಹಾಕಿದ ಕಡಿವಾಣ. ಅದನ್ನು ಅಲ್ಲಿಂದ ಕಿತ್ತು 8 ಗಂಟೆಯ ವಿಶ್ರಾಂತಿಗೆ ಅಂಟಿಸಿದರೆ ಮೊದಲನೆಯ ಉತ್ತರದಲ್ಲಿ ಹೇಳಿದಂತೆಯೇ ಆಗುತ್ತದೆ.

ಮೂರನೆಯ ಉತ್ತರ

ಗಂಟೆಗಳ ಲೆಕ್ಕವನ್ನೇ ಬಿಟ್ಟುಬಿಡುವ ದಾರಿಯೂ ಇದೆ, ನನಗೆ ಅದೇ ಹೆಚ್ಚು ಹಿಡಿಸಿದೆ. 2013ರಲ್ಲಿ ಬಂದ 13ತ್ ಏಜ್ ಆಟದಲ್ಲಿ ಪೂರ್ಣ ಚೇತರಿಕೆಯು ಸಾಮಾನ್ಯವಾಗಿ ನಾಲ್ಕು ಕಾಳಗಗಳ ನಂತರ ಬರುತ್ತದೆ. ನಡುವೆ ಎಷ್ಟು ರಾತ್ರಿಗಳು ಕಳೆದವು ಎಂಬುದು ಮುಖ್ಯವಲ್ಲ. ತಂಡ ಅದಕ್ಕೆ ಮೊದಲೇ ಚೇತರಿಸಿಕೊಳ್ಳಲು ಬಯಸಿದರೆ ಕಥೆಯಲ್ಲಿ ಏನನ್ನಾದರೂ ಕಳೆದುಕೊಳ್ಳಬೇಕು. ಆಟಗಾರರು ಮಲಗುವ ಹಕ್ಕಿಗಾಗಿ ವಾದಿಸುವುದೇ ನಿಂತುಹೋಗುತ್ತದೆ.

ಅದು ತೀರಾ ಕೃತಕವೆನಿಸಿದರೆ ಸ್ಥಳಕ್ಕೆ ಕಟ್ಟಿಹಾಕಿ. ಕೋಟೆ, ಊರು, ಆಶ್ರಮ, ಹೀಗೆ ಭದ್ರವಾದ ನೆಲೆಯಲ್ಲಿ ಮಲಗಿದರೆ ಮಾತ್ರ ಲಾಂಗ್ ರೆಸ್ಟ್; ಕಾಡಿನಲ್ಲಿಯೋ ಗುಹೆಯಲ್ಲಿಯೋ ಕಳೆದ ರಾತ್ರಿ ಬರೀ ಶಾರ್ಟ್ ರೆಸ್ಟ್. ಆಗ ಭದ್ರ ನೆಲೆಯನ್ನು ಹುಡುಕುವುದು, ಶತ್ರುಗಳಿಂದ ಕಸಿದುಕೊಳ್ಳುವುದು, ಕಾಯ್ದುಕೊಳ್ಳುವುದು ಎಲ್ಲವೂ ಆಟದ ಭಾಗವಾಗುತ್ತವೆ. ಟೈನಿ ಹಟ್ ಮಂತ್ರವನ್ನು ನಿಷೇಧಿಸುವ ಅಗತ್ಯವೂ ಬೀಳುವುದಿಲ್ಲ: ಅದು ಮಳೆ, ಚಳಿ ಮತ್ತು ಮೃಗಗಳಿಂದ ಕಾಪಾಡಿ ನೆಮ್ಮದಿಯ ಶಾರ್ಟ್ ರೆಸ್ಟ್ ಕೊಡುತ್ತದೆ.

ರಾತ್ರಿಯ ದಾಳಿಯಿಂದ ವಿಶ್ರಾಂತಿಯನ್ನು ಕೆಡಿಸುವ ಹಳೆಯ ಉಪಾಯವನ್ನು ನೆಚ್ಚಿಕೊಳ್ಳಬೇಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. 2014ರ ನಿಯಮವನ್ನು ಬಹಳಷ್ಟು ಮಂದಿ ಓದುವ ರೀತಿಯಲ್ಲಿ, ಕಾಳಗವು ಒಂದು ಗಂಟೆ ನಡೆಯದ ಹೊರತು ಲಾಂಗ್ ರೆಸ್ಟ್ ಕೆಡುವುದಿಲ್ಲ. 2024ರಲ್ಲಿ ಕಾಳಗದ ಸರದಿ ನಿರ್ಧರಿಸುವ ಇನಿಶಿಯೇಟಿವ್ ದಾಳ ಉರುಳಿಸಿದರೂ ಸಾಕು, ವಿಶ್ರಾಂತಿಗೆ ಅಡ್ಡಿಯಾಯಿತೆಂದೇ ಲೆಕ್ಕ. ಯಾವುದನ್ನು ಹಿಡಿದರೂ, ಪ್ರತಿ ರಾತ್ರಿ ದಾಳಿ ನಡೆಸುವ ಡಂಜನ್ ಮಾಸ್ಟರ್‌ನ ಮೇಲೆ ಆಟಗಾರರ ವಿಶ್ವಾಸ ಬೇಗ ಕರಗುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. 24 ಗಂಟೆಗಳ ನಿಯಮವನ್ನು ನಾನು ಗಮನಿಸಿರಲೇ ಇಲ್ಲ. ಅರ್ಧ ಸ್ಲಾಟ್‌ಗಳ ಯೋಚನೆಯನ್ನು ಕೈಬಿಟ್ಟು, ಭದ್ರ ನೆಲೆಯ ನಿಯಮವನ್ನೂ ಆರ್ಕೇನ್ ರಿಕವರಿಯ ಹೊಸ ಒಕ್ಕಣೆಯನ್ನೂ ಎಲ್ಲರ ಮುಂದೆ ಇಟ್ಟೆ. ವಿಝಾರ್ಡ್ ಆಡುವವರು ಮೊದಲು ಹಿಂಜರಿದರು. ಮೇಜ್ ಆರ್ಮರ್ ಮುಂದಿನ ಲಾಂಗ್ ರೆಸ್ಟ್‌ವರೆಗೆ ಉಳಿಯುತ್ತದೆ ಎಂದ ಮೇಲೆ ಒಪ್ಪಿದರು.

ನಿನ್ನೆ ಗುಡಿಯ ಉಳಿದ ಭಾಗವನ್ನು ಆಡಿದೆವು. ಎರಡು ಲಾಂಗ್ ರೆಸ್ಟ್‌ಗಳ ನಡುವೆ ಐದು ಕಾಳಗ, ಎರಡು ಶಾರ್ಟ್ ರೆಸ್ಟ್. ಮೊದಲ ಕಾಳಗದಲ್ಲಿ ವಿಝಾರ್ಡ್ ಫೈರ್‌ಬಾಲ್‌ಗೆಂದು 8 ದಾಳಗಳನ್ನು ಕೈಗೆತ್ತಿಕೊಂಡವರು ಸ್ವಲ್ಪ ಹೊತ್ತು ಯೋಚಿಸಿ, ಅವನ್ನು ಕೆಳಗಿಟ್ಟು, ವೆಬ್ ಹಾಕಿ ಬಾಗಿಲನ್ನು ಕಟ್ಟಿದರು. ಬಲೆಯಲ್ಲಿ ಸಿಕ್ಕಿಬಿದ್ದವರನ್ನು ಫೈಟರ್ ಒಬ್ಬೊಬ್ಬರನ್ನಾಗಿ ಮುಗಿಸಿದರು. ವಾರ್ಲಾಕ್ ಆಡುವವರು ಆರು ಸ್ಲಾಟ್‌ಗಳನ್ನೂ ಬಳಸಿದರು. ಪಾತ್ರ ಬದಲಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ಒಂದು ಸಂಶಯ ಉಳಿದಿದೆ. ಐದನೇ ಕಾಳಗಕ್ಕೆ ಹೋಗುವಾಗ ವಿಝಾರ್ಡ್ ಬಳಿ ಇನ್ನೂ ಎರಡು ಸ್ಲಾಟ್ ಇದ್ದವು, ಆದರೆ ಫೈಟರ್‌ನ ಹಿಟ್ ಡೈಸ್ (ಶಾರ್ಟ್ ರೆಸ್ಟ್‌ನಲ್ಲಿ ಚೇತರಿಸಿಕೊಳ್ಳಲು ಉರುಳಿಸುವ ದಾಳಗಳು) ಎಲ್ಲವೂ ಮುಗಿದು 11 ಹಿಟ್ ಪಾಯಿಂಟ್ (ಜೀವಬಲ) ಮಾತ್ರ ಉಳಿದಿತ್ತು. ಮುಂದೆ ನಿಂತು ಪೆಟ್ಟು ತಿನ್ನುವವರೇ ಮೊದಲು ಬರಿದಾಗುತ್ತಾರಲ್ಲ?

ಮೊದಲನೆಯ ಉತ್ತರ ಬರೆದವರಿಂದ

ನಿಮ್ಮ ತಂಡದಲ್ಲಿ ಗಾಯ ಮಾಯಿಸುವ ಕ್ಲೆರಿಕ್ ಇಲ್ಲದಿರುವುದರಿಂದ ಇದು ಬೇಗ ಕಾಣಿಸಿಕೊಂಡಿದೆ. 2014ರ ನಿಯಮದಲ್ಲಿ ಲಾಂಗ್ ರೆಸ್ಟ್ ಆದಾಗಲೂ ಒಟ್ಟು ಹಿಟ್ ಡೈಸ್‌ನ ಅರ್ಧ ಮಾತ್ರ ಮರಳುತ್ತದೆ, 5ನೇ ಲೆವೆಲ್‌ನಲ್ಲಿ ಅದು ಎರಡೇ. 2024ರಲ್ಲಿ ಎಲ್ಲವೂ ಮರಳುತ್ತವೆ. ನೀವು ಎರಡು ತಿದ್ದುಪಡಿ ಮಾಡಿ: ಭದ್ರ ನೆಲೆಯಲ್ಲಿ ಮಲಗಿದರೆ ಹಿಟ್ ಡೈಸ್ ಪೂರ್ತಿ ಮರಳಲಿ, ಮತ್ತು ಹೊರಗೆ ಕಳೆದ ಪ್ರತಿ ರಾತ್ರಿಗೂ ಎರಡು ಹಿಟ್ ಡೈಸ್ ಸಿಗಲಿ. ಸ್ಲಾಟ್‌ಗಳನ್ನು ಮಾತ್ರ ಆ ರಾತ್ರಿಗಳಲ್ಲಿ ಮರಳಿಸಬೇಡಿ. ಹೀಗೆ ಮಾಡಿದರೆ "ಇನ್ನೊಂದು ಕೋಣೆ ನೋಡೋಣ" ಎಂದು ಹೇಳುವ ಧೈರ್ಯ ಫೈಟರ್‌ಗೂ ಉಳಿಯುತ್ತದೆ, ಮತ್ತು ತಂಡ ಹಿಂದಿರುಗುವ ಹೊತ್ತನ್ನು ಒಬ್ಬರ ಸ್ಲಾಟ್‌ಗಳಷ್ಟೇ ನಿರ್ಧರಿಸುವುದಿಲ್ಲ. 11 ಹಿಟ್ ಪಾಯಿಂಟ್ ಇಟ್ಟುಕೊಂಡು ಐದನೇ ಕಾಳಗಕ್ಕೆ ಇಳಿದ ಆ ಫೈಟರ್ ಬದುಕುಳಿದನೇ ಎಂಬುದನ್ನು ದಯವಿಟ್ಟು ತಿಳಿಸಿ.

ಪ್ರಶ್ನೆ ಕೇಳಿದವರಿಂದ

ಬದುಕಿದನು. 3 ಹಿಟ್ ಪಾಯಿಂಟ್ ಉಳಿದಿತ್ತು. ವಿಝಾರ್ಡ್ ತನ್ನ ಕೊನೆಯ ಎರಡು ಸ್ಲಾಟ್‌ಗಳನ್ನು ಥಟ್ಟನೆ ಜಾಗ ಬದಲಿಸುವ ಮಿಸ್ಟಿ ಸ್ಟೆಪ್‌ಗೆ ಒಂದು, ಪೆಟ್ಟು ತಡೆಯುವ ಶೀಲ್ಡ್‌ಗೆ ಒಂದು ಎಂದು ಖರ್ಚು ಮಾಡಿ, ಶತ್ರುಗಳ ನಾಯಕನ ಗಮನವನ್ನು ಫೈಟರ್‌ನಿಂದ ತನ್ನ ಕಡೆಗೆ ಸೆಳೆದುಕೊಂಡಿದ್ದರಿಂದ ಅದು ಸಾಧ್ಯವಾಯಿತು. ಹಿಟ್ ಡೈಸ್‌ನ ತಿದ್ದುಪಡಿಯನ್ನು ಮುಂದಿನ ವಾರದಿಂದ ಜಾರಿಗೆ ತರುತ್ತೇನೆ.