ತಗ್ಗಿಸಿದ ಪೋಲೋ ಜಿಟಿಗೆ ಯಾವ ಸ್ಪ್ರಿಂಗ್, ಯಾವ ಶಾಕ್?

ಹಾಸನ_ಟಿಎಸ್‌ಐ:
ನಮಸ್ಕಾರ. ಕಾರು ಪೋಲೋ ಜಿಟಿ ಟಿಎಸ್‌ಐ 1.2, ಸೆಕೆಂಡ್‌ಹ್ಯಾಂಡ್. ಹಿಂದಿನ ಓನರ್ ಲೋವರಿಂಗ್ ಸ್ಪ್ರಿಂಗ್ ಹಾಕ್ಸಿದ್ದಾರೆ, ಶಾಕ್ (ಶಾಕ್ ಅಬ್ಸಾರ್ಬರ್) ಮಾತ್ರ ಕಾರು ಕಂಪನಿಯದೇ. ಸುಮಾರು 40 ಮಿ.ಮೀ. ಕೆಳಗಿದೆ, ಸ್ಪ್ರಿಂಗ್ ಮೇಲೆ ಬ್ರಾಂಡ್ ಗುರುತಿಲ್ಲ. ಮುಂದಿನ ಎಡಗಡೆ ಶಾಕ್ ಆಯಿಲ್ ಬಿಟ್ಟಿದೆ, ಹಂಪ್ ಇಳಿಯುವಾಗ ಟಕ್ ಅನ್ನುತ್ತೆ. ಹಿಂದೆ ಮೂವರು ಕೂತ್ರೆ ತಳ ಬಡಿಯುತ್ತೆ. ಓಡಾಟ ಹಾಸನ–ಬೇಲೂರು–ಚಿಕ್ಕಮಗಳೂರು, ಆಗಾಗ ಶಿರಾಡಿ, ಚಾರ್ಮಾಡಿ. ತಿರುವಿನಲ್ಲಿ ಹಿಡಿತ ಬೇಕು, ತೋಟದ ರಸ್ತೆಗೂ ಇಳೀಬೇಕು. ಇದೇ ಸ್ಪ್ರಿಂಗಿಗೆ ಬಿಲ್‌ಸ್ಟೈನ್ ಬ್ರಾಂಡಿನ ಬಿ8 ಶಾಕ್ ಹಾಕ್ಲಾ, ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಸೆಟ್) ತಗೊಳ್ಲಾ, ಕಂಪನಿ ಎತ್ತರಕ್ಕೇ ವಾಪಸ್ ತರ್ಲಾ?

ಘಾಟಿ_ಸವಾರ:
ಶಾಕ್ ಆರ್ಡರ್ ಮಾಡೋಕೆ ಮುಂಚೆ ಆ ಸ್ಪ್ರಿಂಗ್ ಏನು ಅಂತ ಗೊತ್ತಾಗ್ಲಿ. ಚಕ್ರ ಬಿಚ್ಚಿಸಿ ಸ್ಪ್ರಿಂಗಿನ ತುದಿ ನೋಡಿ. ಗ್ರೈಂಡರಿನಲ್ಲಿ ಕೊಯ್ದ ಗುರುತಿದ್ರೆ ಅಥವಾ ಬಿಸಿ ಮಾಡಿ ಕೂರಿಸಿ ಬಣ್ಣ ಸುಟ್ಟಿದ್ರೆ ಅದು ಗುಜರಿಗೆ. ಕೆಲಸ ಮಾಡೋ ಸುತ್ತು 6 ಇದ್ದಲ್ಲಿ ಒಂದು ಕೊಯ್ದ್ರೆ ಸ್ಪ್ರಿಂಗ್ 20% ಗಟ್ಟಿಯಾಗುತ್ತೆ, ತುದಿ ಸೀಟಿನಲ್ಲಿ ಸರಿಯಾಗಿ ಕೂರಲ್ಲ. ಕಾಯಿಸಿದ್ದಾದ್ರೆ ಉಕ್ಕಿನ ಹದವೇ ಹೋಗಿರುತ್ತೆ.

ಆಯಿಲ್ ಬಿಟ್ಟಿದ್ದಕ್ಕೂ ಟಕ್ ಅನ್ನೋದಕ್ಕೂ ಕಾರಣ ಬಹುಪಾಲು ಒಂದೇ. ಎತ್ತರ 40 ಮಿ.ಮೀ. ಇಳಿದ್ರೆ ಶಾಕ್ ರಾಡ್ ಕೆಳಕ್ಕೆ ಹೋಗೋ ಜಾಗವೂ ಹೆಚ್ಚುಕಡಿಮೆ ಅಷ್ಟೇ ಕಮ್ಮಿ. ಕಾರು ದಿನವಿಡೀ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿಕೊಳ್ಳದ ಹಾಗೆ ತಡೆಯೋ ರಬ್ಬರ್) ಮೇಲೇ ಓಡ್ತಾ ಇರುತ್ತೆ, ಪ್ರತಿ ಗುಂಡಿಯ ಏಟೂ ಸೀಲಿಗೆ, ಶಾಕನ್ನ ಬಾಡಿಗೆ ಹಿಡಿಯೋ ಟಾಪ್ ಮೌಂಟಿಗೆ. ರಾಡಿಗೆ ಒಂದು ಸಣ್ಣ ಕೇಬಲ್ ಟೈ ಬಿಗಿದು ಬೇಲೂರು ತನಕ ಹೋಗಿ ಬನ್ನಿ. ಟೈ ಬಂಪ್ ಸ್ಟಾಪ್ ತನಕ ತಳ್ಳಿಕೊಂಡು ಹೋಗಿದ್ರೆ ಎಷ್ಟು ಜಾಗ ಉಳಿದಿದೆ ಅಂತ ಕಣ್ಣಿಗೇ ಕಾಣುತ್ತೆ.

ಇಳಿಸಿದಷ್ಟೂ ಹಿಡಿತ ಹೆಚ್ಚುತ್ತೆ ಅನ್ನೋದನ್ನ ದಯವಿಟ್ಟು ನಂಬಬೇಡಿ. ಸ್ಟ್ರಟ್ (ಸ್ಪ್ರಿಂಗ್-ಶಾಕ್ ಸೇರಿ ಒಂದೇ ಕಂಬದ ಹಾಗೆ ಚಕ್ರ ಹಿಡಿಯೋ ಜೋಡಣೆ) ಇರೋ ಕಾರಿನಲ್ಲಿ ಅತಿಯಾಗಿ ಇಳಿಸಿದ್ರೆ, ಚಕ್ರವನ್ನ ಕೆಳಗಿಂದ ಹಿಡಿಯೋ ಲೋವರ್ ಆರ್ಮ್‌ನ ಚಕ್ರದ ಕಡೆ ತುದಿ ಒಳತುದಿಗಿಂತ ಮೇಲೇರುತ್ತೆ. ಆಗ ರೋಲ್ ಸೆಂಟರ್ (ತಿರುವಿನಲ್ಲಿ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತೋ ಅದು) ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗಿಳಿದು, ಅದೇ ಸ್ಪ್ರಿಂಗಿನಲ್ಲಿ ಬಾಡಿ ಇನ್ನೂ ಜಾಸ್ತಿ ವಾಲುತ್ತೆ. ಚಾರ್ಮಾಡಿಯ ತಿರುವುಗಳಲ್ಲಿ ಬೇಕಾಗಿರೋದು ಚಕ್ರ ನೆಲ ಬಿಡದ ಹಾಗೆ ಹಿಡಿಯೋ ಶಾಕ್, ಅದು ಆಡೋಕೆ ಜಾಗ.

ಈ ಬಳಕೆಗೆ ನನ್ನ ಆಯ್ಕೆ: ಕಂಪನಿ ಎತ್ತರದ ಸ್ಪ್ರಿಂಗ್, ಜೊತೆಗೆ ಬಿಲ್‌ಸ್ಟೈನ್‌ದೇ ಬಿ6 ಶಾಕ್. ಬಿ4 ಕಂಪನಿ ಶಾಕಿನ ಹದದ್ದೇ. ಬಿ6 ಮಾನೋಟ್ಯೂಬ್ (ಒಂದೇ ಕೊಳವೆಯದು), ಗಟ್ಟಿ, ಉದ್ದ ಮಾತ್ರ ಕಂಪನಿಯದೇ. ಬಿ8 ಇರೋದು ತಗ್ಗಿಸಿದ ಸ್ಪ್ರಿಂಗಿಗೆ, ಉದ್ದ ಕಮ್ಮಿ. ಅದನ್ನ ಕಂಪನಿ ಸ್ಪ್ರಿಂಗಿಗೆ ಹಾಕಿದ್ರೆ ಚಕ್ರ ಗುಂಡಿಗೆ ಇಳಿಯೋ ಜಾಗ ಕಮ್ಮಿಯಾಗುತ್ತೆ. ತಗ್ಗಿರಲೇಬೇಕು ಅಂದ್ರೆ ಹೆಸರಿರೋ ಕಂಪನಿಯ ಸ್ಪ್ರಿಂಗ್ ತಗೊಳ್ಳಿ, 20–25 ಮಿ.ಮೀ. ದಾಟಬೇಡಿ, ಆಗ ಬಿ8. ನೆನಪಿರಲಿ, ಇಲ್ಲಿನ ಪೋಲೋ ಯೂರೋಪಿನದಕ್ಕಿಂತ ಎತ್ತರ. ಅಲ್ಲಿಯ ಡಬ್ಬದ ಮೇಲೆ 30 ಅಂತಿದ್ರೆ ಇಲ್ಲಿ ಅದಕ್ಕಿಂತ ಹೆಚ್ಚೇ ಇಳಿಯುತ್ತೆ.

ಸಕಲೇಶಪುರ_ಗ್ಯಾರೇಜ್:
ಮೇಲಿನವರ ಮಾತು ಸರಿ. ಕಾಯಿಲ್‌ಓವರ್ ಬೇಡ ಸರ್, ನಮ್ಮ ಮಳೆ-ಕೆಸರಿಗೆ ಅದರ ಎತ್ತರ ಹೊಂದಿಸೋ ಥ್ರೆಡ್ ಕಚ್ಚಿಕೊಳ್ಳುತ್ತೆ. ವರ್ಷಕ್ಕೆರಡು ಸಲ ತೊಳೆದು ಗ್ರೀಸ್ ಹಚ್ಚೋಕಾಗಲ್ಲ ಅಂದ್ರೆ ದುಡ್ಡು ದಂಡ.

ಸ್ಪ್ರಿಂಗನ್ನ ಮಾಡೆಲ್ ಹೆಸರು ಹೇಳಿ ತರಬೇಡಿ. ಡೀಸೆಲ್ ಪೋಲೋದ ಮುಂಭಾಗ ಭಾರ, ಅದರ ಸ್ಪ್ರಿಂಗೇ ಬೇರೆ. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಯಾವಾಗಲೂ ಜೋಡಿಯಾಗೇ ಬದಲಿಸಿ. ಎಡಗಡೆ ಒಂದೇ ಹೊಸದಾದ್ರೆ ಬ್ರೇಕ್ ಹಾಕಿದಾಗ ಕಾರು ಎಳೆಯುತ್ತೆ. ಜೊತೆಗೆ ಟಾಪ್ ಮೌಂಟ್ 2, ಬೇರಿಂಗ್ 2, ಬಂಪ್ ಸ್ಟಾಪ್ ಮತ್ತು ಡಸ್ಟ್ ಕವರ್ ನಾಲ್ಕೂ ಕಡೆಗೆ, ಹೊಸ ನಟ್-ಬೋಲ್ಟ್.

ಫಿಟ್ಟಿಂಗಿನಲ್ಲಿ ಕೆಡೋದು ಇಲ್ಲಿ: ರಾಡಿನ ಮೇಲಿನ ನಟ್ಟಿಗೆ ಏರ್ ಗನ್ ಹಾಕ್ತಾರೆ. ರಾಡ್ ಗಿರಗಿರ ತಿರುಗಿ ಹೊಸ ಶಾಕಿನ ಸೀಲಿಗೇ ಪೆಟ್ಟು. ಕೈಯಲ್ಲೇ, ರಾಡ್ ತಲೆ ಹಿಡಿದು ಬಿಗಿಸಬೇಕು. ರಾಡನ್ನ ಪ್ಲೈಯರಿನಲ್ಲಿ ಹಿಡಿದ್ರೆ ಗೀರು ಬಿದ್ದು ಸೀಲ್ ಹರಿಯುತ್ತೆ. ಇನ್ನೊಂದು, ಎತ್ತರ ಬದಲಾದ ಮೇಲೆ ಲೋವರ್ ಆರ್ಮ್ ಬುಷ್ ಬೋಲ್ಟ್ ಮತ್ತು ಹಿಂದಿನ ಶಾಕಿನ ಕೆಳ ಬೋಲ್ಟ್ ಸಡಿಲಿಸಿ, ಕಾರು ನಾಲ್ಕು ಚಕ್ರದ ಮೇಲೆ ನಿಂತಾಗಲೇ ಹೇಳಿದ ಟಾರ್ಕಿಗೆ (ಬಿಗಿತಕ್ಕೆ) ಬಿಗಿಸಬೇಕು. ಜಾಕ್ ಮೇಲೆ ನೇತಾಡುವಾಗ ಬಿಗಿದ್ರೆ ಬುಷ್ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ.

ತಗ್ಗಿಸಿದ ಕಾರಿಗೆ ಇನ್ಶೂರೆನ್ಸ್ ಕ್ಲೇಮಿನಲ್ಲಿ ತಕರಾರು ಬರಬಹುದು, ವಾಹನದಲ್ಲಿ ಮಾರ್ಪಾಡು ಮಾಡೋದರ ಬಗ್ಗೆ ಇರೋ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಒಮ್ಮೆ ಓದಿಕೊಳ್ಳಿ.

ಹಾಸನ_ಟಿಎಸ್‌ಐ:
ಧನ್ಯವಾದ ಇಬ್ಬರಿಗೂ. ನೋಡಿಸಿದೆ, ಮುಂದಿನ ಎರಡೂ ಕೊಯ್ದಿರೋದೇ. ಕಂಪನಿ ಸ್ಪ್ರಿಂಗ್ ಪ್ಲಸ್ ಬಿ6 ಅಂತ ತೀರ್ಮಾನ. ಅಲೈನ್‌ಮೆಂಟ್ ಅವತ್ತೇ ಮಾಡಿಸ್ಬೇಕಾ?

ಘಾಟಿ_ಸವಾರ:
ಅವತ್ತು ಟೋ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರೋ ಕೋನ) ಒಂದು ನೋಡಿಸಿ, ಇಲ್ಲಾಂದ್ರೆ ಟೈರ್ ಸವೆಯುತ್ತೆ. 300–500 ಕಿ.ಮೀ. ಓಡಿ ಸ್ಪ್ರಿಂಗ್ ಕೂತ ಮೇಲೆ ಪೂರ್ತಿ ಮಾಡಿಸಿ. ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಸೇರಿಸೋ ಒಂದೇ ತೊಲೆ), ಅಲ್ಲಿ ತಿರುಗಿಸೋಕೆ ಏನಿಲ್ಲ. ರೀಡಿಂಗ್ ಬಹಳ ತಪ್ಪಿದ್ರೆ ಬೀಮ್ ಬೆಂಡ್ ಇದೆಯಾ ನೋಡಬೇಕು. ಎತ್ತರವನ್ನ ಚಕ್ರದ ನಡುವಿಂದ ಫೆಂಡರ್ ಅಂಚಿಗೆ ಅಳೆದು ಬರೆದಿಡಿ, ಟೈರ್ ಗಾಳಿ ಹೆಚ್ಚುಕಮ್ಮಿ ಆದ್ರೂ ಅಳತೆ ಬದಲಾಗಲ್ಲ. ಹೆಡ್‌ಲೈಟ್ ಮಟ್ಟ ಸರಿಮಾಡಿಸೋದು ಮರೀಬೇಡಿ, ಈಗ ಮೂತಿ ಮೇಲೆದ್ದಿರುತ್ತೆ, ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತೆ.

ಸಕಲೇಶಪುರ_ಗ್ಯಾರೇಜ್:
ಕಾರು ಬಿಡೋಕೆ ಮುಂಚೆ ಅವರ ಹತ್ರ ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇದೆಯಾ ಕೇಳಿ. ಕಂಪನಿ ಸ್ಪ್ರಿಂಗ್ ಈಗಿರೋದಕ್ಕಿಂತ ಉದ್ದ, ಒತ್ತಿ ಕೂರಿಸೋವಾಗ ಜಾರಿದ್ರೆ ಪ್ರಾಣಕ್ಕೇ ಅಪಾಯ. ಸರಪಳಿ, ಹಗ್ಗ ಕಟ್ಟಿ ಮಾಡ್ತೀವಿ ಅಂದ್ರೆ ಅಲ್ಲಿ ಕೊಡಬೇಡಿ.